ಕಲ್ಚರ್ ರಿಪೋರ್ಟಿನಲ್ಲಿ ವಿಆರ್‌ಇ ಬಂದರೆ: ಲ್ಯಾಬಿನಲ್ಲಿ, ವಾರ್ಡಿನಲ್ಲಿ, ಮನೆಯಲ್ಲಿ ಮಾಡಬೇಕಾದ ಕೆಲಸ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಹಾಸಿಗೆ ಹಿಡಿದರೆ ಒಂದೇ ಆಸ್ಪತ್ರೆಯಲ್ಲಿ ಉಳಿಯುವುದು ಕಡಿಮೆ. ಮೊದಲು ಊರಿನ ಕ್ಲಿನಿಕ್, ಆಮೇಲೆ ತಾಲೂಕು ಆಸ್ಪತ್ರೆ ಅಥವಾ ಕಾಸರಗೋಡು, ಜೋರಾದರೆ ತಲಪಾಡಿ ಗಡಿ ದಾಟಿ ಮಂಗಳೂರು ಕಡೆಯ ಐಸಿಯು, ಇಲ್ಲವೇ ತೆಂಕಕ್ಕೆ ಪರಿಯಾರಂ ಮೆಡಿಕಲ್ ಕಾಲೇಜು. ಕೆಲವು ವಾರ ಕಳೆದು ಮೂತ್ರದ ಟ್ಯೂಬಿನೊಂದಿಗೆ ಮನೆಗೆ ವಾಪಸು. ಅಲ್ಲಿಂದ ಮುಂದೆ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಬಂದು ನೋಡುತ್ತಾರೆ. ಈ ದಾರಿಯ ಒಂದೊಂದು ಕಡೆಯಲ್ಲೂ ಆಂಟಿಬಯಾಟಿಕ್ ಬದಲಾಗುತ್ತದೆ, ಹೊಸ ಕೈಗಳು ರೋಗಿಯನ್ನು ಮುಟ್ಟುತ್ತವೆ. ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್‌ಗೂ ಬಗ್ಗದ ಎಂಟರೊಕೊಕಸ್ ಬ್ಯಾಕ್ಟೀರಿಯಾ, ಅಂದರೆ ವಿಆರ್‌ಇ, ಬೆಳೆದು ಹರಡಲು ಬೇಕಾಗುವುದು ಈ ಎರಡೇ.

ಇಲ್ಲಿ ಬರೆದಿರುವುದು ಸಣ್ಣ ಆಸ್ಪತ್ರೆಗಳ ನರ್ಸುಗಳಿಗೆ, ಲ್ಯಾಬ್ ಟೆಕ್ನಿಷಿಯನ್ನರಿಗೆ, ಡ್ಯೂಟಿ ಡಾಕ್ಟರಿಗೆ. ಕೊನೆಯ ಭಾಗ ಮನೆಯಲ್ಲಿ ನೋಡಿಕೊಳ್ಳುವವರಿಗೆ. ವಿಆರ್‌ಇ ಎಂದೊಡನೆ ಎಲ್ಲರೂ ಕೇಳುವುದು ಯಾವ ಮದ್ದು ಕೊಡಬೇಕು ಎಂದು. ಆದರೆ ಹೆಚ್ಚಿನ ಕೆಲಸ ನಡೆಯುವುದು ಮದ್ದಿನ ಹೊರಗೆ: ಸ್ಯಾಂಪಲ್ ಸರಿಯಾಗಿ ತೆಗೆಯಬೇಕು, ಬೇಡದ ಟ್ಯೂಬು ಬೇಗ ತೆಗೆಯಬೇಕು, ಕೈ ಮತ್ತು ಮಂಚದ ಕಂಬಿ ಶುದ್ಧವಾಗಿರಬೇಕು. ಈ ಮೂರು ತಪ್ಪಿದ ವಾರ್ಡಿನಲ್ಲಿ ಎಷ್ಟು ದುಬಾರಿ ಇಂಜೆಕ್ಷನ್ ಕೊಟ್ಟರೂ ಮುಂದಿನ ಹಾಸಿಗೆಯವರಿಗೆ ಅದೇ ರಿಪೋರ್ಟ್ ಬರುತ್ತದೆ.

ಈ ರೋಗಾಣುವಿನ ಸ್ವಭಾವ

ಎಂಟರೊಕೊಕಸ್ ಎಲ್ಲರ ಕರುಳಿನಲ್ಲೂ ಇರುವ ಜೀವಿ. ಆಸ್ಪತ್ರೆ ಸೋಂಕಿನಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ: ಫೀಕಾಲಿಸ್ ಮತ್ತು ಫೀಸಿಯಂ. ಫೀಕಾಲಿಸ್ ಸಾಮಾನ್ಯವಾಗಿ ಆಂಪಿಸಿಲಿನ್‌ಗೆ ಬಗ್ಗುತ್ತದೆ. ಆಸ್ಪತ್ರೆಯ ಫೀಸಿಯಂ ಬಹುತೇಕ ಬಗ್ಗುವುದಿಲ್ಲ, ವ್ಯಾಂಕೊಮೈಸಿನ್ ನಿರೋಧ ಕಾಣುವುದೂ ಹೆಚ್ಚಾಗಿ ಅದರಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾಡಿದ ಆದ್ಯತೆಯ ರೋಗಾಣುಗಳ ಪಟ್ಟಿಯಲ್ಲೂ 2024ರ ಪರಿಷ್ಕೃತ ಪಟ್ಟಿಯಲ್ಲೂ ಹೆಸರಿಸಿರುವುದು ವ್ಯಾಂಕೊಮೈಸಿನ್‌ಗೆ ಬಗ್ಗದ ಫೀಸಿಯಂ ಅನ್ನೇ.

ಎಂಟರೊಕೊಕಸ್‌ಗೆ ಹುಟ್ಟಿನಿಂದಲೇ ಬಂದ ನಿರೋಧ ಒಂದಿಷ್ಟಿದೆ. ಇದನ್ನು ವಾರ್ಡಿನ ಗೋಡೆಗೆ ಅಂಟಿಸಿಟ್ಟರೆ ಒಳ್ಳೆಯದು. ಸೆಫಾಲೆಕ್ಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಮುಂತಾದ ಸೆಫಲೋಸ್ಪೊರಿನ್‌ಗಳು ಒಂಟಿಯಾಗಿ ಇದರ ಮೇಲೆ ಕೆಲಸ ಮಾಡುವುದಿಲ್ಲ. ಕ್ಲಿಂಡಮೈಸಿನ್ ಆಗದು. ಕೋಟ್ರೈಮೊಕ್ಸಜೋಲ್ ಲ್ಯಾಬಿನ ಪರೀಕ್ಷೆಯ ತಟ್ಟೆಯ ಮೇಲೆ ಕೆಲಸ ಮಾಡಿದಂತೆ ಕಂಡರೂ ದೇಹದೊಳಗೆ ಆಗದು, ಏಕೆಂದರೆ ಈ ಜೀವಿ ಹೊರಗಿನ ಫೋಲೇಟನ್ನು ಬಳಸಿಕೊಂಡು ಬದುಕುತ್ತದೆ. ಜೆಂಟಮೈಸಿನ್ ಒಂಟಿಯಾಗಿ ಕೋಶದೊಳಗೆ ಸಾಕಷ್ಟು ಇಳಿಯುವುದಿಲ್ಲ.

ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಜ್ವರಕ್ಕೆ, ನ್ಯುಮೋನಿಯಾಕ್ಕೆ, ಶಸ್ತ್ರಚಿಕಿತ್ಸೆಯ ಮೊದಲು, ಕೆಲವೊಮ್ಮೆ ಸುಮ್ಮನೆ ‘ಇರಲಿ’ ಎಂದು ದಿನವೂ ಹೋಗುತ್ತಿರುತ್ತದೆ. ಅದು ಕರುಳಿನ ಬೇರೆ ಜೀವಿಗಳನ್ನು ಕೊಂದು ಜಾಗ ಖಾಲಿ ಮಾಡುತ್ತದೆ. ಅಡಿಕೆ ತೋಟಕ್ಕೆ ಕಳೆನಾಶಕ ಹೊಡೆದಾಗ ಅದಕ್ಕೆ ಸಾಯದ ಒಂದೇ ಕಳೆ ಇಡೀ ಬುಡ ತುಂಬಿಕೊಳ್ಳುವ ಹಾಗೆ, ಖಾಲಿಯಾದ ಕರುಳನ್ನು ಎಂಟರೊಕೊಕಸ್ ತುಂಬಿಕೊಳ್ಳುತ್ತದೆ. ವಿಆರ್‌ಇ ತಡೆಯಬೇಕೆಂದು ವ್ಯಾಂಕೊಮೈಸಿನ್ ಒಂದರ ಮೇಲೆ ಕಣ್ಣಿಟ್ಟು ಸೆಫ್ಟ್ರಿಯಾಕ್ಸೋನನ್ನು ಹೇಗೆಂದರೆ ಹಾಗೆ ಬಿಟ್ಟರೆ ಪ್ರಯೋಜನವಿಲ್ಲ. ಮೆಟ್ರೊನಿಡಜೋಲ್‌ನಂಥ, ಆಮ್ಲಜನಕ ಬೇಡದ ಜೀವಿಗಳನ್ನು ಕೊಲ್ಲುವ ಮದ್ದುಗಳದ್ದೂ ಇದೇ ಪರಿಣಾಮ.

ಇನ್ನು ವ್ಯಾಂಕೊಮೈಸಿನ್ ನಿರೋಧ. ಈ ಮದ್ದು ಕೋಶದ ಗೋಡೆ ಕಟ್ಟುವ ಸರಪಳಿಯ ತುದಿಯಲ್ಲಿರುವ ಎರಡು ಅಲನಿನ್‌ಗಳನ್ನು ಹಿಡಿದುಕೊಂಡು ಕಟ್ಟಡ ನಿಲ್ಲಿಸುತ್ತದೆ. ವ್ಯಾನ್-ಎ, ವ್ಯಾನ್-ಬಿ ಜೀನ್ ಇರುವ ಎಂಟರೊಕೊಕಸ್ ಕೊನೆಯ ಅಲನಿನ್ ಬದಲು ಲ್ಯಾಕ್ಟೇಟ್ ಇಡುತ್ತದೆ. ಮದ್ದಿನ ಹಿಡಿತ ಸುಮಾರು 1000 ಪಟ್ಟು ಸಡಿಲವಾಗುತ್ತದೆ. ವ್ಯಾನ್-ಎ ಇದ್ದರೆ ವ್ಯಾಂಕೊಮೈಸಿನ್, ಅದೇ ಗುಂಪಿನ ಟೀಕೊಪ್ಲಾನಿನ್ ಎರಡೂ ಹೋದವು. ವ್ಯಾನ್-ಬಿ ಆದರೆ ತಟ್ಟೆಯ ಮೇಲೆ ಟೀಕೊಪ್ಲಾನಿನ್ ಉಳಿದಿರುತ್ತದೆ. ಈ ಜೀನ್‌ಗಳು ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಯುರೋಪಿನಿಂದ 1988ರಲ್ಲಿ ಮೊದಲ ವರದಿಗಳು ಬಂದವು. 2002ರಲ್ಲಿ ಅಮೆರಿಕದಲ್ಲಿ ವ್ಯಾನ್-ಎ ಹೊತ್ತ ಸ್ಟಫೈಲೊಕೊಕಸ್ ಎಂಬ ಬೇರೆ ರೋಗಾಣು ಕೂಡ ಸಿಕ್ಕಿತು. ಒಬ್ಬ ರೋಗಿಯ ಗಾಯದಲ್ಲಿ ವಿಆರ್‌ಇ ಮತ್ತು ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟಫೈಲೊಕೊಕಸ್) ಒಟ್ಟಿಗೆ ಇದ್ದರೆ ಎಚ್ಚರ ಹೆಚ್ಚು ಬೇಕಾಗುವುದು ಇದೇ ಕಾರಣಕ್ಕೆ.

ಸ್ಯಾಂಪಲ್ ತೆಗೆಯುವಲ್ಲೇ ಅರ್ಧ ತಪ್ಪು ನಡೆಯುತ್ತದೆ

ಮೂತ್ರದ ಬ್ಯಾಗಿನಿಂದ ಸ್ಯಾಂಪಲ್ ತೆಗೆಯಬೇಡಿ. ಬ್ಯಾಗಿನಲ್ಲಿ ಗಂಟೆಗಟ್ಟಲೆ ನಿಂತ ಮೂತ್ರದಲ್ಲಿ ಏನು ಬೇಕಾದರೂ ಬೆಳೆದಿರುತ್ತದೆ, ಅದರ ರಿಪೋರ್ಟ್ ನೋಡಿ ಮದ್ದು ಕೊಟ್ಟರೆ ಬ್ಯಾಗಿಗೆ ಚಿಕಿತ್ಸೆ ಮಾಡಿದಂತಾಯಿತು. ಕ್ಯಾಥೆಟರ್, ಅಂದರೆ ಮೂತ್ರದ ಟ್ಯೂಬು, 2 ವಾರಕ್ಕಿಂತ ಹೆಚ್ಚು ದಿನದಿಂದ ಇದ್ದರೆ ಮೊದಲು ಅದನ್ನು ತೆಗೆಯಿರಿ. ಇನ್ನೂ ಬೇಕೇ ಬೇಕೆಂದಾದರೆ ಹೊಸತು ಹಾಕಿ ಅದರಿಂದ ಮೂತ್ರ ತೆಗೆಯಿರಿ. ಹಳೆಯ ಟ್ಯೂಬಿನ ಒಳಗೋಡೆಗೆ ಅಂಟಿದ ಪದರದಲ್ಲಿರುವ ಜೀವಿಗಳು ಮೂತ್ರಕೋಶದ ಸ್ಥಿತಿಯನ್ನು ಹೇಳುವುದಿಲ್ಲ. ಹೊಸ ಟ್ಯೂಬಿಗೆ ಸ್ಯಾಂಪಲ್ ಪೋರ್ಟ್ ಇದ್ದರೆ ಅದರ ಕೆಳಗೆ ಹತ್ತು ಹದಿನೈದು ನಿಮಿಷ ಕ್ಲ್ಯಾಂಪ್ ಮಾಡಿ, ಪೋರ್ಟನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಅದು ಒಣಗಿದ ಮೇಲೆ ಸಿರಿಂಜಿನಲ್ಲಿ ಎಳೆಯಿರಿ. ಕ್ಲ್ಯಾಂಪ್ ಬಿಚ್ಚಲು ಮರೆಯಬೇಡಿ. ಅರ್ಧ ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಸಂಗ್ರಹ ಕೇಂದ್ರದಿಂದ ಮಂಗಳೂರಿಗೋ ಕಾಸರಗೋಡಿಗೋ ಹೋಗಬೇಕಾದ ಸ್ಯಾಂಪಲ್ಲನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 24 ಗಂಟೆಯೊಳಗೆ ಮುಟ್ಟಿಸಬಹುದು. ಮಧ್ಯಾಹ್ನದ ಬಸ್ಸಿನಲ್ಲಿ ಐಸ್ ಇಲ್ಲದೆ ಕಳಿಸಿದ್ದು ಬೇಡ.

ರಕ್ತದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಎರಡು ಬೇರೆ ಬೇರೆ ಕಡೆಯಿಂದ, ಆಂಟಿಬಯಾಟಿಕ್ ಶುರು ಮಾಡುವ ಮೊದಲು ತೆಗೆಯಬೇಕು. ದೊಡ್ಡವರಲ್ಲಿ ಒಂದು ಬಾಟಲಿಗೆ 8ರಿಂದ 10 ಮಿ.ಲೀ. 3 ಮಿ.ಲೀ. ಹಾಕಿ ಕಳಿಸಿದರೆ ರೋಗಾಣು ಇದ್ದರೂ ಸಿಗದೆ ಹೋಗಬಹುದು. ಎರಡು ಕಡೆಯಿಂದ ಯಾಕೆಂದರೆ, ಎಂಟರೊಕೊಕಸ್ ತೊಡೆಸಂದಿನ ಚರ್ಮದಲ್ಲೂ ಇರುತ್ತದೆ. ಒಂದೇ ಬಾಟಲಿಯಲ್ಲಿ ಬೆಳೆದರೆ ಅದು ಚರ್ಮದ್ದೋ ರಕ್ತದ್ದೋ ಎಂಬ ಅನುಮಾನ ಉಳಿಯುತ್ತದೆ. ತೊಡೆಸಂದಿನಿಂದ ರಕ್ತ ಎಳೆಯುವುದು ಬಿಟ್ಟರೆ ಆ ಅನುಮಾನ ಎಷ್ಟೋ ಕಡಿಮೆ.

ಗಾಯದಿಂದ ತೆಗೆಯುವಾಗ ಮೊದಲು ಸಲೈನಿನಲ್ಲಿ ತೊಳೆದು, ಆಳದಿಂದ ಕೀವನ್ನು ಸಿರಿಂಜಿನಲ್ಲಿ ಎಳೆಯಿರಿ. ಮೇಲಿನಿಂದ ಸವರಿದ ಸ್ವಾಬಿನಲ್ಲಿ ಎಂಟರೊಕೊಕಸ್ ಬಂದರೆ ಹೆಚ್ಚಿನ ಸಲ ಅದಕ್ಕೆ ಅರ್ಥವಿಲ್ಲ.

ಲ್ಯಾಬಿನಲ್ಲಿ

ಗ್ರಾಂ ಬಣ್ಣದಲ್ಲಿ ನೀಲಿ, ಜೋಡಿಯಾಗಿ ಅಥವಾ ಸಣ್ಣ ಸರಪಳಿಯಾಗಿ ಕಾಣುವ ಕೊಕಸ್. ಕ್ಯಾಟಲೇಸ್ ನೆಗೆಟಿವ್. ಬೈಲ್ ಎಸ್ಕುಲಿನ್ ಕಪ್ಪಾಗುತ್ತದೆ, 6.5 ಶೇಕಡಾ ಉಪ್ಪಿನ ಬ್ರಾತ್‌ನಲ್ಲಿ ಬೆಳೆಯುತ್ತದೆ, ಪಿವೈಆರ್ ಪಾಸಿಟಿವ್. ಇಷ್ಟಾದರೆ ಎಂಟರೊಕೊಕಸ್ ಎಂದು ಹೇಳಲು ಸಾಕು. ಆದರೆ ‘ಎಂಟರೊಕೊಕಸ್ ಜಾತಿಗಳು’ ಎಂದು ಬರೆದು ಅಲ್ಲಿಗೇ ನಿಲ್ಲಿಸುವ ರಿಪೋರ್ಟ್ ಡಾಕ್ಟರಿಗೆ ಅಷ್ಟೇನೂ ಉಪಯೋಗವಿಲ್ಲ. ಅರಬಿನೋಸ್ ಹುದುಗು ಪರೀಕ್ಷೆ ಅಗ್ಗ: ಫೀಸಿಯಂ ಪಾಸಿಟಿವ್, ಫೀಕಾಲಿಸ್ ನೆಗೆಟಿವ್. ಫೀಕಾಲಿಸ್ ಎಂದು ಬಂದದ್ದು ಆಂಪಿಸಿಲಿನ್‌ಗೆ ಬಗ್ಗದಿದ್ದರೆ ಗುರುತಿಸಿದ್ದು ತಪ್ಪಿರಬಹುದು, ಮತ್ತೆ ನೋಡಿ.

ಡಿಸ್ಕ್ ಪರೀಕ್ಷೆಯೆಂದರೆ ರೋಗಾಣು ಹರಡಿದ ತಟ್ಟೆಯ ಮೇಲೆ ಮದ್ದಿನ ಡಿಸ್ಕ್ ಇಟ್ಟು, ಸುತ್ತ ಬೆಳೆಯದೆ ಉಳಿದ ವಲಯದ ಅಗಲ ಅಳೆಯುವುದು. ಅದಕ್ಕೆ ಮುಲ್ಲರ್ ಹಿಂಟನ್ ಅಗಾರ್, 0.5 ಮ್ಯಾಕ್‌ಫರ್ಲೆಂಡ್ ಮಂದತೆ, 35 ಡಿಗ್ರಿ. 30 ಮೈಕ್ರೊಗ್ರಾಂ ವ್ಯಾಂಕೊಮೈಸಿನ್ ಡಿಸ್ಕಿನ ಸುತ್ತ 17 ಮಿ.ಮೀ. ಅಥವಾ ಹೆಚ್ಚಿದ್ದರೆ ಬಗ್ಗುತ್ತದೆ, 15–16 ನಡುವಿನದು, 14 ಅಥವಾ ಕಡಿಮೆಯಾದರೆ ನಿರೋಧ. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಬೇರೆ ಡಿಸ್ಕುಗಳ ಜೊತೆಗೇ 16–18 ಗಂಟೆಗೆ ತಟ್ಟೆ ತೆಗೆದು ಓದಿಬಿಡುವುದು. ವ್ಯಾಂಕೊಮೈಸಿನ್‌ಗೆ ಪೂರ್ತಿ 24 ಗಂಟೆ ಬೇಕು. ವ್ಯಾನ್-ಬಿ ಮೆಲ್ಲಗೆ ತೋರಿಸಿಕೊಳ್ಳುತ್ತದೆ. ಎರಡು, ವಲಯವನ್ನು ಮೇಲಿನ ಬೆಳಕಿನಲ್ಲಿ ಅಳೆಯುವುದು. ತಟ್ಟೆಯನ್ನು ಬೆಳಕಿಗೆ ಎದುರಾಗಿ ಹಿಡಿಯಿರಿ. ವಲಯದೊಳಗೆ ತೆಳು ಮಂಜಿನಂಥ ಬೆಳವಣಿಗೆ ಅಥವಾ ಒಂದೆರಡು ಕಾಲೊನಿ ಇದ್ದರೂ ಅದನ್ನು ನಿರೋಧವೆಂದೇ ನೋಡಬೇಕು, ಅಳತೆ ಎಷ್ಟೇ ಇರಲಿ.

ನಡುವಿನ ಅಳತೆ ಬಂದರೆ ಎಂಐಸಿ (ಬೆಳವಣಿಗೆ ತಡೆಯಲು ಬೇಕಾಗುವ ಅತಿ ಕಡಿಮೆ ಮದ್ದಿನ ಪ್ರಮಾಣ) ಬೇಕು: ಮಿ.ಲೀ.ಗೆ 4 ಮೈಕ್ರೊಗ್ರಾಂ ಅಥವಾ ಕಡಿಮೆಯಾದರೆ ಬಗ್ಗುತ್ತದೆ, 8–16 ನಡುವಿನದು, 32 ಅಥವಾ ಹೆಚ್ಚಾದರೆ ನಿರೋಧ. ಇದಕ್ಕೆ ಉಪಕರಣ ಇಲ್ಲದ ಲ್ಯಾಬಿಗೆ ಸ್ಕ್ರೀನ್ ತಟ್ಟೆ ಚೆನ್ನಾಗಿ ಆಗುತ್ತದೆ: ಬ್ರೈನ್ ಹಾರ್ಟ್ ಇನ್ಫ್ಯೂಷನ್ ಅಗಾರಿನಲ್ಲಿ ಮಿ.ಲೀ.ಗೆ 6 ಮೈಕ್ರೊಗ್ರಾಂ ವ್ಯಾಂಕೊಮೈಸಿನ್. 0.5 ಮಂದತೆಯ ದ್ರವದ 1ರಿಂದ 10 ಮೈಕ್ರೊಲೀಟರ್ ಇಟ್ಟು 24 ಗಂಟೆ ಬಿಡಿ. ಒಂದಕ್ಕಿಂತ ಹೆಚ್ಚು ಕಾಲೊನಿ ಬಂದರೆ ನಿರೋಧ ಇದೆ ಎಂದು ಶಂಕಿಸಿ ಖಚಿತಪಡಿಸಲು ಕಳಿಸಿ. ಪ್ರತಿ ಸಲವೂ ಪಕ್ಕದಲ್ಲಿ ಇಡುವ ಮಾದರಿ ತಳಿಗಳಲ್ಲಿ ಎಟಿಸಿಸಿ 29212 ಬೆಳೆಯಬಾರದು, 51299 ಬೆಳೆಯಬೇಕು. ಹೀಗಾಗದಿದ್ದರೆ ತಟ್ಟೆಯೇ ಸರಿಯಿಲ್ಲ.

ಇದೇ ಸ್ಕ್ರೀನ್ ತಟ್ಟೆಯಲ್ಲಿ ಗ್ಯಾಲಿನಾರಂ, ಕ್ಯಾಸೆಲಿಫ್ಲೇವಸ್ ಎಂಬ ಎರಡು ಜಾತಿಗಳೂ ಬೆಳೆಯುತ್ತವೆ. ಅವುಗಳ ಕೆಳಮಟ್ಟದ ನಿರೋಧ ಹುಟ್ಟಿನಿಂದ ಬಂದದ್ದು, ಬೇರೆಯವಕ್ಕೆ ದಾಟುವುದಿಲ್ಲ. ಇವಕ್ಕೆ ಚಲನೆ ಇದೆ, ಕ್ಯಾಸೆಲಿಫ್ಲೇವಸ್‌ಗೆ ಹಳದಿ ಬಣ್ಣವೂ ಇದೆ. ಚಲನೆ ನೋಡದೆ ವಿಆರ್‌ಇ ಎಂದು ಬರೆದುಬಿಟ್ಟರೆ ಒಬ್ಬ ರೋಗಿಯನ್ನು ಕಾರಣವಿಲ್ಲದೆ ವಾರಗಟ್ಟಲೆ ಪ್ರತ್ಯೇಕ ಇಟ್ಟಂತೆ.

ರಕ್ತದ ಸ್ಯಾಂಪಲ್ಲಾದರೆ 120 ಮೈಕ್ರೊಗ್ರಾಂನ ಜೆಂಟಮೈಸಿನ್ ಡಿಸ್ಕ್ ಇಡಿ. ಮಾಮೂಲಿ 10 ಮೈಕ್ರೊಗ್ರಾಂನ ಡಿಸ್ಕಿಗೆ ಇಲ್ಲಿ ಅರ್ಥವಿಲ್ಲ. 6 ಮಿ.ಮೀ., ಅಂದರೆ ಸುತ್ತ ವಲಯವೇ ಇಲ್ಲದಿದ್ದರೆ ಮೇಲ್ಮಟ್ಟದ ನಿರೋಧ. 10 ಅಥವಾ ಹೆಚ್ಚಿದ್ದರೆ ಆಂಪಿಸಿಲಿನ್ ಜೊತೆ ಸೇರಿಸಿ ಕೊಡಲು ಆಗುತ್ತದೆ. 7–9 ಬಂದರೆ ಬೇರೆ ವಿಧಾನದಿಂದ ನೋಡಬೇಕು. ಲಿನೆಜೊಲಿಡ್ 30 ಮೈಕ್ರೊಗ್ರಾಂ ಡಿಸ್ಕಿಗೆ 23 ಮಿ.ಮೀ. ಅಥವಾ ಹೆಚ್ಚು ಬೇಕು, 20 ಅಥವಾ ಕಡಿಮೆಯಾದರೆ ನಿರೋಧ. ಡ್ಯಾಪ್ಟೊಮೈಸಿನ್‌ಗೆ ಡಿಸ್ಕ್ ಪರೀಕ್ಷೆ ನಂಬುವಂತಿಲ್ಲ, ಎಂಐಸಿ ಮಾತ್ರ.

ಸೆಫಲೋಸ್ಪೊರಿನ್, ಕ್ಲಿಂಡಮೈಸಿನ್, ಕೋಟ್ರೈಮೊಕ್ಸಜೋಲ್‌ಗಳನ್ನು ಎಂಟರೊಕೊಕಸ್ ರಿಪೋರ್ಟಿನಲ್ಲಿ ‘ಬಗ್ಗುತ್ತದೆ’ ಎಂದು ಬರೆಯಲೇಬಾರದು. ಮುದ್ರಿತ ಫಾರ್ಮಿನಲ್ಲಿ ಆ ಸಾಲುಗಳಿದ್ದರೆ ಅಡ್ಡಗೆರೆ ಎಳೆಯಿರಿ.

ಸೋಂಕೋ, ಸುಮ್ಮನೆ ಇರುವುದೋ

ಕ್ಯಾಥೆಟರ್ ಹಾಕಿದವರಲ್ಲಿ ದಿನಕ್ಕೆ ಸುಮಾರು 3ರಿಂದ 7 ಶೇಕಡಾ ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತಾ ಹೋಗುತ್ತದೆ. ತಿಂಗಳು ಕಳೆದವರಲ್ಲಿ ಬಹುತೇಕ ಎಲ್ಲರ ಮೂತ್ರದಲ್ಲೂ ಏನಾದರೂ ಬೆಳೆಯುತ್ತದೆ. ಜ್ವರ, ಚಳಿ, ಕೆಳಹೊಟ್ಟೆ ಅಥವಾ ಸೊಂಟದ ಪಕ್ಕದ ನೋವು, ಬೇರೆ ಕಾರಣವಿಲ್ಲದೆ ಹೊಸದಾಗಿ ಬಂದ ಗೊಂದಲ, ಇವು ಯಾವುದೂ ಇಲ್ಲದೆ ಬರೀ ರಿಪೋರ್ಟಿನಲ್ಲಿ ವಿಆರ್‌ಇ ಇದ್ದರೆ ಮದ್ದು ಬೇಡ. ಗರ್ಭಿಣಿಯರು ಮತ್ತು ಮೂತ್ರನಾಳದಲ್ಲಿ ರಕ್ತ ಬರುವಂಥ ಶಸ್ತ್ರಚಿಕಿತ್ಸೆಗೆ ಹೋಗುವವರು ಮಾತ್ರ ಇದಕ್ಕೆ ಹೊರತು. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತದೆ ಎಂಬುದು ಸೋಂಕಿನ ಲಕ್ಷಣವಲ್ಲ, ನೀರು ಕಡಿಮೆ ಕುಡಿದರೂ ಹಾಗೆ ಆಗುತ್ತದೆ. ರೋಗಿಯ ಕಡೆಯವರು ‘ರಿಪೋರ್ಟಿನಲ್ಲಿ ಬಂದಿದೆಯಲ್ಲ ಸಿಸ್ಟರ್, ಮದ್ದು ಕೊಡುವುದಿಲ್ಲವಾ?’ ಎಂದು ಕೇಳುತ್ತಾರೆ. ಅವರನ್ನು ಕೂರಿಸಿ ಐದು ನಿಮಿಷ ವಿವರಿಸಿ. ಆ ಐದು ನಿಮಿಷ ಒಂದು ಕೋರ್ಸ್ ಲಿನೆಜೊಲಿಡ್ ಉಳಿಸುತ್ತದೆ.

ಗುದದ ಸ್ವಾಬಿನಲ್ಲಿ ಬಂದ ವಿಆರ್‌ಇಗಂತೂ ಚಿಕಿತ್ಸೆಯೇ ಇಲ್ಲ. ಕರುಳಿನಿಂದ ಅದನ್ನು ತೊಲಗಿಸುವ ನಂಬುವಂಥ ಮದ್ದು ಇನ್ನೂ ಬಂದಿಲ್ಲ. ಆ ಸ್ವಾಬ್ ತೆಗೆಯುವುದು ರೋಗಿಯನ್ನು ಎಲ್ಲಿ ಮಲಗಿಸಬೇಕು ಎಂದು ನಿರ್ಧರಿಸಲಿಕ್ಕೆ.

ರಕ್ತದಲ್ಲಿ ಬಂದರೆ ಮಾತು ಬೇರೆ. ಅದೇ ದಿನ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಟ್ಯೂಬು) ಇದ್ದರೆ ತೆಗೆಯುವ ಯೋಚನೆ, ಹೊಟ್ಟೆಯಲ್ಲೋ ಪಿತ್ತನಾಳದಲ್ಲೋ ಕೀವು ಇದೆಯೇ ಎಂದು ಸ್ಕ್ಯಾನ್, ಹೃದಯದ ಕವಾಟಕ್ಕೆ ಎಕೋ. ಫೀಕಾಲಿಸ್ ಒಂದಕ್ಕಿಂತ ಹೆಚ್ಚು ಬಾಟಲಿಯಲ್ಲಿ ಬಂದು ಮೂಲ ಗೊತ್ತಾಗದಿದ್ದರೆ, ಹಿಂದೆ ಕವಾಟದ ರೋಗ ಇದ್ದರೆ, ಎಕೋ ಮಾಡದೆ ಬಿಡಬೇಡಿ. ಸಣ್ಣ ಆಸ್ಪತ್ರೆ ಇಂಥ ರೋಗಿಯನ್ನು ಇಟ್ಟುಕೊಳ್ಳದೆ ದೊಡ್ಡ ಕಡೆಗೆ ಕಳಿಸುವುದೇ ಸರಿ.

ಮದ್ದು

ಇದನ್ನು ಡಾಕ್ಟರಿಗಾಗಿ ಚುಟುಕಾಗಿ ಬರೆಯುತ್ತೇವೆ. ಆಂಪಿಸಿಲಿನ್‌ಗೆ ಬಗ್ಗುವುದಾದರೆ ಅದೇ ಅತ್ಯುತ್ತಮ, ವ್ಯಾಂಕೊಮೈಸಿನ್‌ಗಿಂತಲೂ. ಫೀಕಾಲಿಸ್‌ನಿಂದ ಹೃದಯದ ಕವಾಟದ ಸೋಂಕಾದಾಗ ಆಂಪಿಸಿಲಿನ್ 2 ಗ್ರಾಂ 4 ಗಂಟೆಗೊಮ್ಮೆ, ಜೊತೆಗೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ 12 ಗಂಟೆಗೊಮ್ಮೆ, 6 ವಾರ. ಒಂಟಿಯಾಗಿ ಕೆಲಸ ಮಾಡದ ಸೆಫ್ಟ್ರಿಯಾಕ್ಸೋನ್ ಇಲ್ಲಿ ಯಾಕೆಂದರೆ, ಆಂಪಿಸಿಲಿನ್ ಕೆಲವು ಪೆನಿಸಿಲಿನ್ ಬಂಧಕ ಪ್ರೋಟೀನುಗಳನ್ನು ಹಿಡಿದರೆ ಇದು ಉಳಿದವನ್ನು ಹಿಡಿಯುತ್ತದೆ. ಎರಡೂ ಸೇರಿದಾಗ ಕೋಶ ಸಾಯುತ್ತದೆ.

ಮೂತ್ರಕೋಶದ ಮಟ್ಟದಲ್ಲೇ ಇರುವ ಸೋಂಕಿಗೆ ರಿಪೋರ್ಟ್ ಒಪ್ಪಿದರೆ ನೈಟ್ರೋಫ್ಯುರಾಂಟೊಯಿನ್ ಅಥವಾ ಫೀಕಾಲಿಸ್‌ಗೆ ಫಾಸ್ಫೊಮೈಸಿನ್ 3 ಗ್ರಾಂ ಪುಡಿ ಒಂದು ಸಲ. ಇವೆರಡೂ ರಕ್ತದಲ್ಲಿ, ಕಿಡ್ನಿಯ ಮಾಂಸದಲ್ಲಿ ಸಾಲುವುದಿಲ್ಲ. ಕಿಡ್ನಿ ಕೆಟ್ಟವರಿಗೆ ನೈಟ್ರೋಫ್ಯುರಾಂಟೊಯಿನ್ ಬೇಡ.

ವಿಆರ್‌ಇ ಗಂಭೀರ ಸೋಂಕಿಗೆ ಲಿನೆಜೊಲಿಡ್ 600 ಮಿ.ಗ್ರಾಂ 12 ಗಂಟೆಗೊಮ್ಮೆ. ಮಾತ್ರೆಯ ಮದ್ದು ಪೂರ್ತಿ ರಕ್ತಕ್ಕೆ ಸೇರುತ್ತದೆ, ಆದ್ದರಿಂದ ನುಂಗಬಲ್ಲ ರೋಗಿಗೆ ಡ್ರಿಪ್ ಹಾಕುವ ಅಗತ್ಯವಿಲ್ಲ. ಡ್ರಿಪ್‌ಗಾಗಿಯೇ ಇಟ್ಟ ಸೂಜಿಯೂ ತಪ್ಪುತ್ತದೆ. ವಾರಕ್ಕೊಮ್ಮೆ ಪ್ಲೇಟ್ಲೆಟ್ ಲೆಕ್ಕ ನೋಡಿ, 10–14 ದಿನ ದಾಟಿದರೆ ಇಳಿಯುವ ಸಂಭವ ಹೆಚ್ಚು. ಎಸ್ಸಿಟಲೊಪ್ರಾಂನಂಥ ಖಿನ್ನತೆಯ ಮಾತ್ರೆ, ಟ್ರಮಡಾಲ್ ಜೊತೆಗಿದ್ದರೆ ಸೆರಟೊನಿನ್ ಹೆಚ್ಚಿ ನಡುಕ, ಜ್ವರ, ತಳಮಳ ಬರಬಹುದು. ಪಾಲಿಯೇಟಿವ್ ರೋಗಿಗಳಲ್ಲಿ ಟ್ರಮಡಾಲ್ ಸಾಮಾನ್ಯವಾದ್ದರಿಂದ ಇದನ್ನು ಕೇಳಿಯೇ ಬರೆಯಿರಿ. ಈ ಮದ್ದು ನಿರೋಧಿ ಕ್ಷಯದ ಚಿಕಿತ್ಸೆಗೂ ಬೇಕಾದದ್ದು, ಹಾಗಾಗಿ ಸುಮ್ಮನೆ ಕಳೆಯುವಂತಿಲ್ಲ.

ಡ್ಯಾಪ್ಟೊಮೈಸಿನ್ ಫೀಸಿಯಂ ರಕ್ತ ಸೋಂಕಿಗೆ ಕಿಲೋಗೆ 8–12 ಮಿ.ಗ್ರಾಂ ಬೇಕು. ಕಡಿಮೆ ಕೊಟ್ಟರೆ ಚಿಕಿತ್ಸೆ ನಡುವೆಯೇ ನಿರೋಧ ಹುಟ್ಟುತ್ತದೆ. ವಾರಕ್ಕೊಮ್ಮೆ ಸಿಪಿಕೆ (ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) ನೋಡಬೇಕು. ಶ್ವಾಸಕೋಶದಲ್ಲಿ ಇದು ನಿಷ್ಕ್ರಿಯವಾಗುವುದರಿಂದ ನ್ಯುಮೋನಿಯಾಕ್ಕೆ ಆಗದು. ಟೈಗಿಸೈಕ್ಲಿನ್ ರಕ್ತದಲ್ಲೂ ಮೂತ್ರದಲ್ಲೂ ಸಾಕಷ್ಟು ಮಟ್ಟಕ್ಕೆ ಏರುವುದಿಲ್ಲ.

ವಾರ್ಡಿನಲ್ಲಿ

ಒಣಗಿದ ಮೇಲ್ಮೈಯಲ್ಲಿ ಎಂಟರೊಕೊಕಸ್ 5 ದಿನದಿಂದ 4 ತಿಂಗಳವರೆಗೂ ಬದುಕಬಲ್ಲದು. ರೋಗಿ ಮನೆಗೆ ಹೋದ ಮೇಲೂ ಮಂಚದ ಕಂಬಿ, ಬಿಪಿ ಪಟ್ಟಿ, ಡ್ರಿಪ್ ಸ್ಟ್ಯಾಂಡ್ ಅದನ್ನು ಇಟ್ಟುಕೊಂಡೇ ಇರುತ್ತವೆ. ಗುದದ ಎಲೆಕ್ಟ್ರಾನಿಕ್ ಥರ್ಮಾಮೀಟರ್ ಒಂದರಿಂದಲೇ ವಿಆರ್‌ಇ ಹರಡಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಪ್ರತ್ಯೇಕ ಕೋಣೆ ಇದ್ದರೆ ಅಲ್ಲಿ ಹಾಕಿ. ಇಲ್ಲದಿದ್ದರೆ ವಾರ್ಡಿನ ಒಂದು ಮೂಲೆ. ಪಕ್ಕದಲ್ಲಿ ಡಯಾಲಿಸಿಸ್ ರೋಗಿ, ತೆರೆದ ಗಾಯದವರು, ಸೆಂಟ್ರಲ್ ಲೈನ್ ಇರುವವರು ಇರಬಾರದು. ಭೇದಿ ಆಗುವ ವಿಆರ್‌ಇ ರೋಗಿ ಇದ್ದರೆ ಇರುವ ಒಂದೇ ಕೋಣೆ ಅವರಿಗೇ ಸಲ್ಲಬೇಕು, ಸುತ್ತಲೂ ಹೆಚ್ಚು ಹರಡುವುದು ಅವರಿಂದ. ಸ್ಟೆತೊಸ್ಕೋಪ್, ಬಿಪಿ ಪಟ್ಟಿ, ಥರ್ಮಾಮೀಟರ್, ಬೆಡ್‌ಪ್ಯಾನ್ ಅವರಿಗೇ ಬೇರೆ ಇಡಿ.

ಕೈಗೆ ಆಲ್ಕೋಹಾಲ್ ದ್ರಾವಣ ಸಾಕು: ಕೈಯೆಲ್ಲ ಒದ್ದೆಯಾಗುವಷ್ಟು ಹಾಕಿ 20–30 ಸೆಕೆಂಡು ಉಜ್ಜಿ ಒಣಗಲು ಬಿಡಿ. ಕಣ್ಣಿಗೆ ಕಾಣುವ ಕೊಳೆ ಇದ್ದರೆ ಸೋಪಿನಲ್ಲಿ 40–60 ಸೆಕೆಂಡು. ಗ್ಲೌಸ್ ಹಾಕಿದ್ದೇವೆ ಎಂಬ ಧೈರ್ಯವೇ ಇಲ್ಲಿ ದೊಡ್ಡ ತೊಂದರೆ. ಅದೇ ಗ್ಲೌಸಿನಲ್ಲಿ ಫೈಲು ಬರೆಯುವುದು, ಫೋನು ಎತ್ತುವುದು, ಪಕ್ಕದ ಹಾಸಿಗೆಯ ಡ್ರಿಪ್ ಸರಿ ಮಾಡುವುದು, ಹೀಗೆ ಮಾಡುವುದಕ್ಕಿಂತ ಗ್ಲೌಸ್ ಇಲ್ಲದೆ ಕೈ ತೊಳೆಯುವುದೇ ಲೇಸು. ಮೊದಲು ಗ್ಲೌಸ್ ತೆಗೆಯಿರಿ, ಆಮೇಲೆ ಗೌನ್, ಕೊನೆಗೆ ಕೈ ಶುಚಿ. ಇಷ್ಟೂ ಕೋಣೆಯ ಬಾಗಿಲು ಮುಟ್ಟುವ ಮೊದಲು ಆಗಬೇಕು.

ಮೇಲ್ಮೈಗೆ 0.1 ಶೇಕಡಾ ಕ್ಲೋರಿನ್ ದ್ರಾವಣ. 5 ಶೇಕಡಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಬಾಟಲಿ ಇದ್ದರೆ 20 ಮಿ.ಲೀ.ಗೆ 980 ಮಿ.ಲೀ. ನೀರು. ಬಾಟಲಿ 10 ಶೇಕಡಾದ್ದಾದರೆ 10 ಮಿ.ಲೀ.ಗೆ 990. ಲೇಬಲ್ ಓದದೆ ಮುಚ್ಚಳದ ಲೆಕ್ಕದಲ್ಲಿ ಸುರಿಯಬೇಡಿ. ಬ್ಲೀಚಿಂಗ್ ಪೌಡರ್‌ನಿಂದ ಮಾಡುವುದಾದರೆ, 30 ಶೇಕಡಾ ಕ್ಲೋರಿನ್ ಇರುವ ಹೊಸ ಪುಡಿ ಲೀಟರಿಗೆ 3.5 ಗ್ರಾಂ, ತಕ್ಕಡಿಯಲ್ಲಿ ತೂಗಿ. ಸ್ವಲ್ಪ ನೀರಲ್ಲಿ ಕಲಸಿ, ಉಳಿದ ನೀರು ಸೇರಿಸಿ, ಅರ್ಧ ಗಂಟೆ ತಳಿಯಲು ಬಿಟ್ಟು ಮೇಲಿನ ತಿಳಿ ಮಾತ್ರ ಬಳಸಿ. ನಮ್ಮ ಕಡೆ ಬಾವಿಗೆ ಹಾಕಲೆಂದು ತಂದ ಪುಡಿಯ ಚೀಲ ಬಾಯಿ ತೆರೆದು ಮಳೆಗಾಲ ಪೂರ್ತಿ ಮೂಲೆಯಲ್ಲಿ ಇರುವುದುಂಟು. ಆಟಿ ತಿಂಗಳ ತೇವಕ್ಕೆ ಗಟ್ಟಿಯಾಗಿ ಮುದ್ದೆಯಾದ, ಮೂಗಿಗೆ ಘಾಟು ಹೊಡೆಯದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಎಷ್ಟು ಹಾಕಿದರೂ ಅಷ್ಟೇ. ಮಳೆಗಾಲದ ಕೆಂಪು ಕದಡಿದ ನೀರೂ ಕ್ಲೋರಿನನ್ನು ನುಂಗುತ್ತದೆ, ತಿಳಿ ನೀರು ತೆಗೆದುಕೊಳ್ಳಿ. ದ್ರಾವಣ ದಿನಕ್ಕೊಮ್ಮೆ ಹೊಸತು ಮಾಡಿ ಮುಚ್ಚಿ ನೆರಳಲ್ಲಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ರಕ್ತ ಚೆಲ್ಲಿದ ಜಾಗಕ್ಕೆ 1 ಶೇಕಡಾ ಬೇಕು: 5 ಶೇಕಡಾ ಹೈಪೋ 200 ಮಿ.ಲೀ.ಗೆ ನೀರು 800.

ಒರೆಸುವ ಕ್ರಮ: ಮೊದಲು ಸೋಪು ನೀರಿನಲ್ಲಿ ಕೊಳೆ ತೆಗೆಯಿರಿ, ಕೊಳೆಯ ಮೇಲೆ ಕ್ಲೋರಿನ್ ಸುರಿದರೆ ಅದು ಕೊಳೆಗೇ ಖರ್ಚಾಗುತ್ತದೆ. ಆಮೇಲೆ ದ್ರಾವಣ, 10 ನಿಮಿಷ ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಫ್ಯಾನಿನ ಗಾಳಿಗೆ ಎರಡು ನಿಮಿಷದಲ್ಲಿ ಆರಿದರೆ ಮತ್ತೊಮ್ಮೆ ಒರೆಸಿ. ಲೋಹವಾದರೆ ಕೊನೆಗೆ ನೀರಿನ ಬಟ್ಟೆ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಆಮೇಲೆ ಶುದ್ಧವಾಗುವುದೇ ಇಲ್ಲ. ಒಂದು ಹಾಸಿಗೆಗೆ ಒಂದು ಬಟ್ಟೆ. ಒರೆಸಿದ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಬಾರದು. ಮೇಲಿನಿಂದ ಕೆಳಗೆ, ಶುದ್ಧ ಕಡೆಯಿಂದ ಕೊಳೆ ಕಡೆಗೆ, ಟಾಯ್ಲೆಟ್ ಕೊನೆಗೆ. ಬಿಟ್ಟುಹೋಗುವ ಜಾಗಗಳು ಹೆಚ್ಚಾಗಿ ಇವೇ: ಕಂಬಿಯ ಒಳಬದಿ, ಮಂಚ ಎತ್ತರಿಸುವ ಹಿಡಿ, ಸ್ವಿಚ್, ಲಾಕರಿನ ಹಿಡಿ, ಫ್ಲಶ್ ಗುಂಡಿ, ಗ್ಲುಕೊಮೀಟರ್. ವಾರ್ಡಿನ ಸಹಾಯಕಿಗೆ ಈ ಪಟ್ಟಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಕೊಡಿ. ಅವರಿಗೆ ಕಾರಣ ತಿಳಿಸಿ ಹೇಳಿದ ಕಡೆ ಕೆಲಸ ಚೆನ್ನಾಗಿ ನಡೆಯುತ್ತದೆ.

ತೆಗೆದ ಕ್ಯಾಥೆಟರ್, ಯೂರಿನ್ ಬ್ಯಾಗ್, ಗ್ಲೌಸ್ ಕೆಂಪು ಚೀಲಕ್ಕೆ. ಡ್ರೆಸಿಂಗ್, ಡಯಾಪರ್ ಹಳದಿಗೆ. ಸೂಜಿ ಬಿಳಿ ಡಬ್ಬಿಗೆ.

ರೋಗಿಯ ಜೊತೆಗೆ ನಿಲ್ಲುವ ಬೈಸ್ಟಾಂಡರ್‌ಗೆ ಗೌನ್ ತೊಡಿಸಿ ಹೆದರಿಸಬೇಕಿಲ್ಲ. ಮಲಮೂತ್ರ ಮುಟ್ಟುವಾಗ ಗ್ಲೌಸ್, ಆಮೇಲೆ ಕೈತೊಳೆ, ಬೇರೆ ರೋಗಿಯ ಮಂಚದ ಮೇಲೆ ಕುಳಿತು ಮಾತಾಡುವುದಾಗಲಿ, ಅವರಿಗೆ ಊಟ ಬಡಿಸುವುದಾಗಲಿ ಬೇಡ. ಊರವರು ಗುಂಪಾಗಿ ನೋಡಲು ಬರುವ ಪ್ರೀತಿಯನ್ನು ಆ ಕೆಲವು ದಿನ ಬಾಗಿಲ ಹೊರಗೆ ನಿಲ್ಲಿಸಿಕೊಳ್ಳಬೇಕು.

ಪ್ರತ್ಯೇಕತೆ ಯಾವಾಗ ನಿಲ್ಲಿಸುವುದು? ಆಂಟಿಬಯಾಟಿಕ್ ನಿಂತ ಮೇಲೆ ವಾರಕ್ಕೊಂದರಂತೆ ಮೂರು ಸ್ವಾಬ್ ಸತತ ನೆಗೆಟಿವ್ ಬಂದರೆ. ಮತ್ತೆ ಆಂಟಿಬಯಾಟಿಕ್ ಶುರುವಾದರೆ ಅಡಗಿದ್ದದ್ದು ಮತ್ತೆ ತೋರಬಹುದು, ಆದ್ದರಿಂದ ಹಳೆಯ ದಾಖಲೆ ಅಳಿಸಬೇಡಿ.

ಬೇರೆ ಆಸ್ಪತ್ರೆಗೆ ಕಳಿಸುವಾಗ ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ: ವಿಆರ್‌ಇ, ಯಾವ ಜಾತಿ, ಯಾವ ಸ್ಯಾಂಪಲ್, ಯಾವ ತಾರೀಕು, ಸೋಂಕೋ ಸುಮ್ಮನೆ ಇರುವುದೋ, ಈವರೆಗೆ ಕೊಟ್ಟ ಆಂಟಿಬಯಾಟಿಕ್ ಮತ್ತು ದಿನಗಳು, ಕ್ಯಾಥೆಟರ್ ಹಾಕಿದ ದಿನ. ಆಂಬುಲೆನ್ಸ್ ಹೊರಡುವ ಮೊದಲು ಫೋನು ಮಾಡಿ. ತಲಪಾಡಿಯ ಆಚೆಗೂ ಈಚೆಗೂ ಎರಡು ರಾಜ್ಯಗಳ ದಾಖಲೆ ಒಂದಕ್ಕೊಂದು ಸೇರುವುದಿಲ್ಲ, ರೋಗಿಯ ಕೈಯಲ್ಲಿರುವ ಕಾಗದವೇ ಆಧಾರ.

ಮನೆಯಲ್ಲಿ

ಎಂಡೋಸಲ್ಫಾನಿನಿಂದ ನೊಂದ ಎಣ್ಮಕಜೆಯಂಥ ಊರುಗಳೂ ಸೇರಿ, ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಮಲಗಿದಲ್ಲೇ ಇರುವವರಿದ್ದಾರೆ. ಅವರ ಮನೆಯವರಿಗೆ ಮೊದಲ ಮಾತು: ವಿಆರ್‌ಇ ಇದ್ದವರನ್ನು ಮುಟ್ಟಬಾರದು ಎಂದೇನಿಲ್ಲ. ಆರೋಗ್ಯವಾಗಿರುವವರಿಗೆ ಇದರಿಂದ ರೋಗ ಬರುವುದು ತೀರ ಅಪರೂಪ. ಬೇರೆ ಬಟ್ಟಲು, ಬೇರೆ ತಟ್ಟೆ ಬೇಡ. ಮಕ್ಕಳು ಹತ್ತಿರ ಹೋಗಬಹುದು. ಮನೆಯವರಿಗೆಲ್ಲ ಪರೀಕ್ಷೆ ಬೇಡ. ಮಲಮೂತ್ರ, ಡಯಾಪರ್, ಗಾಯ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಅಡುಗೆಗೆ ಮೊದಲು ತೊಳೆಯುವುದು, ಇಷ್ಟು ತಪ್ಪಬಾರದು. ಮಲ ತಾಗಿದ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಲ್ಲಿ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಒಲೆಯ ಬಳಿಯಾದರೂ ಪೂರ್ತಿ ಒಣಗಲಿ.

ಕ್ಯಾಥೆಟರ್ ಇದ್ದರೆ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ನೇತುಹಾಕಿ. ಮಗ್ಗುಲು ಬದಲಿಸುವಾಗ ಬ್ಯಾಗನ್ನು ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಬಿಡಬೇಕು, ಬ್ಯಾಗಿನ ಮೂತ್ರ ಒಳಗೆ ಹಿಂದಕ್ಕೆ ಹರಿಯುತ್ತದೆ. ಮೂರರಲ್ಲಿ ಎರಡು ಪಾಲು ತುಂಬಿದಾಗ ಖಾಲಿ ಮಾಡಿ, ಕೊಳವೆಯ ಬಾಯಿ ಪಾತ್ರೆಗೆ ತಾಗಬಾರದು. ಟ್ಯೂಬು ಮತ್ತು ಬ್ಯಾಗಿನ ಜೋಡಣೆ ಬಿಚ್ಚಬೇಡಿ. ಟ್ಯೂಬು ಒಳಹೋಗುವ ಜಾಗವನ್ನು ದಿನಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದರೆ ಸಾಕು, ಡೆಟಾಲ್, ಪೌಡರ್, ಮುಲಾಮು ಬೇಡ. ಟ್ಯೂಬನ್ನು ತೊಡೆಗೆ ಅಂಟಿಸಿಡಿ, ಎಳೆತದಿಂದಾಗುವ ಸಣ್ಣ ಗಾಯವೂ ಸೋಂಕಿಗೆ ದಾರಿ. ಪಾಲಿಯೇಟಿವ್ ಸಿಸ್ಟರ್ ಪ್ರತಿ ಸಲ ಬಂದಾಗಲೂ ‘ಈ ಟ್ಯೂಬು ಇನ್ನೂ ಬೇಕಾ?’ ಎಂದು ಕೇಳಿ. ಗಂಡಸರಿಗೆ ಕಾಂಡಮ್ ಕ್ಯಾಥೆಟರ್, ಕೆಲವರಿಗೆ ಹೊತ್ತುಹೊತ್ತಿಗೆ ಹಾಕಿ ತೆಗೆಯುವ ಟ್ಯೂಬು ಆಗಬಹುದು.

ಹಳೆಯ ಚೀಟಿ ಹಿಡಿದು ಅಂಗಡಿಯಿಂದ ಸೆಫಿಕ್ಸಿಮ್ ತಂದು ನುಂಗಿಸಬೇಡಿ. ಅದು ಎಂಟರೊಕೊಕಸ್‌ಗೆ ಏನೂ ಮಾಡುವುದಿಲ್ಲ, ಅದರ ಎದುರಾಳಿಗಳನ್ನು ಮಾತ್ರ ಕೊಲ್ಲುತ್ತದೆ. ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರದಂತೆ ಕೇರಳದಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಯುತ್ತಿರುವುದೂ ಇದಕ್ಕೇ.

ಚಳಿ ನಡುಕದ ಜ್ವರ, ಸೊಂಟದ ಪಕ್ಕ ನೋವು, ಮೂತ್ರದಲ್ಲಿ ರಕ್ತ, ಟ್ಯೂಬಿನಲ್ಲಿ ಮೂತ್ರ ನಿಂತುಹೋಗುವುದು, ಮಾತು ತೊದಲಿ ಮಂಪರಾಗುವುದು, ಬೆನ್ನುಹುರಿ ಪೆಟ್ಟಾದವರಲ್ಲಿ ಒಮ್ಮೆಲೆ ಬೆವರು ಅಥವಾ ಕಾಲಿನ ಸೆಳೆತ ಹೆಚ್ಚಾಗುವುದು ಕಂಡರೆ ಸಂಜೆಯವರೆಗೆ ಕಾಯಬೇಡಿ. ಡಿಸ್ಚಾರ್ಜ್ ಸಮರಿ ಮತ್ತು ಕಲ್ಚರ್ ರಿಪೋರ್ಟ್ ಇರುವ ಪ್ಲಾಸ್ಟಿಕ್ ಕವರನ್ನು ಕೈಯಲ್ಲಿ ಹಿಡಿದೇ ಹೊರಡಿ, ಕ್ಯಾಶುವಾಲ್ಟಿಯಲ್ಲಿ ಮೊದಲು ಸಿಗುವ ಸಿಸ್ಟರಿಗೆ ‘ಇವರಿಗೆ ವಿಆರ್‌ಇ ಇತ್ತು’ ಎಂದು ಬಾಯಿಬಿಟ್ಟು ಹೇಳಿ, ಮತ್ತು ಇಂಜೆಕ್ಷನ್ ಕೊಡುವ ಮೊದಲು ರಕ್ತ ಮತ್ತು ಮೂತ್ರದ ಕಲ್ಚರ್ ತೆಗೆದರೇ ಎಂದು ಕೇಳಿ.